ಇನ್ಸುಲಿನ್ ಸೀಸೆಯಲ್ಲಿ ಏನಿದೆ?

(ದೊಡ್ಡನೆಕ್ಕುಂದಿಯಲ್ಲಿ ನಡೆದ ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ವಿದ್ಯಾರ್ಥಿವೇತನ ಸಮಿತಿಯ ಸದಸ್ಯರಾದ ನಿವೃತ್ತ ಶಿಕ್ಷಕರು ಮಾಡಿದ ಭಾಷಣ)



ವಾರ್ಷಿಕ ವರದಿ ಓದಿ ಆಯಿತು, ಲೆಕ್ಕಪತ್ರವೂ ಮಂಡನೆಯಾಯಿತು. ಊಟಕ್ಕೆ ಮೊದಲು ನಮಗೆ ಇಪ್ಪತ್ತು ನಿಮಿಷ ಮಾತಾಡಲು ಹೇಳಿದ್ದಾರೆ. ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು ನಾವು. ಗಂಟೆ ಹೊಡೆಯದೆ ಮಾತು ನಿಲ್ಲಿಸಿದ ಅಭ್ಯಾಸವಿಲ್ಲ. ಆದ್ದರಿಂದ ಕಾರ್ಯದರ್ಶಿಗಳು ಗಡಿಯಾರದ ಮೇಲೆ ಕಣ್ಣಿಟ್ಟಿರಬೇಕು.

ಪ್ರತಿ ವರ್ಷ ಈ ಸಭೆಯಲ್ಲಿ ವಿದ್ಯೆಯ ಮಹತ್ವದ ಬಗ್ಗೆ ಯಾರಾದರೂ ಮಾತಾಡುತ್ತಾರೆ. ಈ ಸಲ ನಾವು ಒಂದು ಸೀಸೆಯ ಬಗ್ಗೆ ಮಾತಾಡುತ್ತೇವೆ. ಇಲ್ಲಿ ಕುಳಿತವರಲ್ಲಿ ಹಲವರ ಮನೆಯ ಫ್ರಿಜ್ಜಿನ ಬಾಗಿಲಲ್ಲಿ ಅದು ಇದ್ದೇ ಇರುತ್ತದೆ. ಇನ್ಸುಲಿನ್ ಸೀಸೆ.

ಕಳೆದ ವರ್ಷ ರಂಜಾನಿಗೆ ಮೊದಲು ನಮ್ಮ ಟ್ರಸ್ಟ್ ಉಚಿತ ಸಕ್ಕರೆ ಕಾಯಿಲೆ ತಪಾಸಣೆ ಇಟ್ಟುಕೊಂಡಿತ್ತು. ಹೆಸರು ಬರೆದುಕೊಳ್ಳುವ ಮೇಜಿನಲ್ಲಿ ನಾವು ಕುಳಿತಿದ್ದೆವು. ಅರವತ್ತು ದಾಟಿದ ಒಬ್ಬ ತಾಯಿ ಬಂದರು. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಮುನ್ನೂರರ ಮೇಲಿತ್ತು. ಡಾಕ್ಟರು ಎರಡು ತಿಂಗಳ ಹಿಂದೆಯೇ ಇನ್ಸುಲಿನ್ ಬರೆದುಕೊಟ್ಟಿದ್ದರಂತೆ, ಮಗ ಔಷಧವನ್ನೂ ತಂದಿಟ್ಟಿದ್ದನಂತೆ. ಸೀಸೆಯ ಮುಚ್ಚಳ ಮಾತ್ರ ತೆರೆದಿರಲಿಲ್ಲ. ಏಕೆಂದು ಕೇಳಿದೆವು. ಅಕ್ಕಪಕ್ಕ ನೋಡಿ ಮೆಲ್ಲಗೆ ಕೇಳಿದರು, "ಮಾಸ್ಟರ್ ಸಾಬ್, ಇದರಲ್ಲಿ ಹಂದಿದು ಇದೆ ಅಂತಾರಲ್ಲ, ನಿಜವಾ?"

ನಾವು "ಇಲ್ಲ ತಾಯಿ, ಇದು ಹ್ಯೂಮನ್ ಇನ್ಸುಲಿನ್" ಎಂದು ಪೆಟ್ಟಿಗೆಯ ಮೇಲಿನ ಅಕ್ಷರ ತೋರಿಸಿದೆವು. ಆಕೆಯ ಮುಖ ಇನ್ನಷ್ಟು ಬಿಳುಚಿತು. "ಯಾ ಅಲ್ಲಾಹ್, ಮನುಷ್ಯರದ್ದಾ? ಸತ್ತವರಿಂದ ತೆಗೀತಾರಾ?"

ಕೆಲವರು ನಗುತ್ತಿದ್ದೀರಿ. ಆ ದಿನ ನಮಗೆ ನಗು ಬರಲಿಲ್ಲ. ಅದಕ್ಕೆ ಕಾರಣ ನಮ್ಮ ಮನೆಯದೇ.

1986ರಲ್ಲಿ ನಮ್ಮ ದೊಡ್ಡಣ್ಣನಿಗೆ ಇದೇ ಕಾಯಿಲೆ ಹೆಚ್ಚಾಯಿತು. ಮಾತ್ರೆ ಸಾಲದು, ಇನ್ಸುಲಿನ್ ಬೇಕು ಎಂದರು. ಅಂಗಡಿ ಮುಂದೆ ಕೂರುವ ಸ್ನೇಹಿತರು ಯಾರೋ ಅದು ಹಂದಿಯದು ಎಂದು ಹೇಳಿದರು. ಅಣ್ಣ ಮತ್ತೆ ಆಸ್ಪತ್ರೆಯ ಕಡೆ ಹೋಗಲಿಲ್ಲ. ಕಾಲಿನ ಹೆಬ್ಬೆರಳಿನ ಗಾಯ ಮಾಯಲಿಲ್ಲ. ಮೊದಲು ಪಾದ ಹೋಯಿತು, ಆಮೇಲೆ ಮೊಣಕಾಲಿನವರೆಗೆ. ಎರಡು ವರ್ಷ ಕಳೆಯುವ ಮೊದಲು ಅಣ್ಣನೇ ಹೋದರು. ಆಗ ನಾವು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ತರಗತಿಯಲ್ಲಿ ಮೇದೋಜೀರಕ ಗ್ರಂಥಿಯ ಚಿತ್ರ ಬರೆದು, ಅದು ಇನ್ಸುಲಿನ್ ಸ್ರವಿಸುತ್ತದೆ ಎಂದು ಮಕ್ಕಳಿಗೆ ಹೇಳುತ್ತಿದ್ದೆವು. ಅಂಗಡಿಯ ಸೀಸೆಯೊಳಗಿನ ಇನ್ಸುಲಿನ್ ಯಾರ ಗ್ರಂಥಿಯಿಂದ ಬಂತು ಎಂದು ಮನೆಯಲ್ಲಿ ಕೇಳಿದಾಗ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಲು ನಾಚಿಕೆಯಾಗಿ ಸುಮ್ಮನಿದ್ದೆವು. ಆ ಮೌನ ಇಂದಿಗೂ ಚುಚ್ಚುತ್ತದೆ.

ಅಣ್ಣನ ಅನುಮಾನ ಮೂರ್ಖತನವಾಗಿರಲಿಲ್ಲ ಎಂಬುದನ್ನು ಮೊದಲು ಹೇಳಬೇಕು. ಆ ಕಾಲದಲ್ಲಿ ನಮ್ಮ ದೇಶದ ಅಂಗಡಿಗಳಲ್ಲಿ ಸಿಗುತ್ತಿದ್ದ ಇನ್ಸುಲಿನ್ ಸಾಮಾನ್ಯವಾಗಿ ದನದ ಅಥವಾ ಹಂದಿಯ ಗ್ರಂಥಿಯಿಂದ ತೆಗೆದದ್ದೇ. ನಮ್ಮ ಶಾಲೆಯ ಹೆಡ್ ಮಾಸ್ಟರು, ಅವರೂ ಸಕ್ಕರೆಯವರು, "ನಿಮಗೆ ಒಂದು ಕಷ್ಟ, ನಮಗೆ ಇನ್ನೊಂದು ಕಷ್ಟ ಮೇಷ್ಟ್ರೇ" ಎನ್ನುತ್ತಿದ್ದರು. ಅವರು ಕಣ್ಣು ಮುಚ್ಚಿ ಚುಚ್ಚಿಕೊಂಡರು, ಎಪ್ಪತ್ತೆಂಟು ವರ್ಷ ಬದುಕಿದರು. ಬೇರೆ ಔಷಧವಿಲ್ಲದೆ ಜೀವಕ್ಕೆ ಅಪಾಯವಾದಾಗ ಏನು ಮಾಡಬೇಕು ಎಂಬುದಕ್ಕೆ ನಮ್ಮ ಉಲೇಮಾಗಳ ಬಳಿ ಆಗಲೂ ಉತ್ತರವಿತ್ತು, ಪ್ರಾಣ ಉಳಿಸುವ ಅನಿವಾರ್ಯತೆಗೆ ರಿಯಾಯಿತಿ ಇದೆ ಎಂದು ಅವರು ಹೇಳುತ್ತಿದ್ದರು. ನಮ್ಮ ಅಣ್ಣ ಆಲಿಮರನ್ನು ಕೇಳಲಿಲ್ಲ, ಡಾಕ್ಟರನ್ನೂ ಕೇಳಲಿಲ್ಲ. ಕೇಳಿದ್ದು ಅಂಗಡಿಕಟ್ಟೆಯನ್ನು.

ಇನ್ನು ಆ ತಾಯಿಯ ಎರಡನೇ ಪ್ರಶ್ನೆ. ಅದೂ ಸುಮ್ಮನೆ ಹುಟ್ಟಿದ ಭಯವಲ್ಲ. ಎತ್ತರ ಬೆಳೆಯದ ಮಕ್ಕಳಿಗೆ ಕೊಡುವ ಬೆಳವಣಿಗೆ ಹಾರ್ಮೋನನ್ನು ಒಂದು ಕಾಲದಲ್ಲಿ ನಿಜವಾಗಿಯೂ ಸತ್ತವರ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ತೆಗೆಯುತ್ತಿದ್ದರು. ಅದನ್ನು ಪಡೆದ ಕೆಲವರಿಗೆ ಮಾರಕ ಮೆದುಳು ರೋಗ ತಗುಲಿದ್ದು 1985ರಲ್ಲಿ ಬೆಳಕಿಗೆ ಬಂತು. ಅಮೆರಿಕ ಅದನ್ನು ನಿಲ್ಲಿಸಿ, ಅದೇ ವರ್ಷ ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಹಾರ್ಮೋನಿಗೆ ಒಪ್ಪಿಗೆ ಕೊಟ್ಟಿತು. ಓದು ಬಾರದ ಒಬ್ಬ ತಾಯಿ ಕೇಳಿದ ಎರಡು ಪ್ರಶ್ನೆಗಳ ಹಿಂದೆಯೂ ನಿಜವಾದ ಚರಿತ್ರೆ ಇತ್ತು. ಉತ್ತರ ಹೇಳಬೇಕಾದವರು ನಾವು ತಯಾರಿರಲಿಲ್ಲ, ಅಷ್ಟೇ. ಅದಾದ ಮೇಲೆ ನಾವು ಕುಳಿತು ಓದಿದೆವು. ಓದಿದ್ದನ್ನು ನಿಮ್ಮ ಮುಂದೆ ಇಡುತ್ತೇವೆ.

ಇನ್ಸುಲಿನ್ ಒಂದು ಪ್ರೋಟೀನು. ಪ್ರೋಟೀನು ಎಂದರೆ ಬೇಳೆ, ಮೊಟ್ಟೆ, ಮಾಂಸ ಎಂದಷ್ಟೇ ನಮಗೆ ಗೊತ್ತು. ಹತ್ತಿರದಿಂದ ನೋಡಿದರೆ ಅದು ಮಣಿಸರ. ಅಮೈನೋ ಆಮ್ಲ ಎಂಬ ಇಪ್ಪತ್ತು ಬಗೆಯ ಮಣಿಗಳಿವೆ. ಯಾವ ಮಣಿಯ ನಂತರ ಯಾವ ಮಣಿ ಎಂಬ ಕ್ರಮದಲ್ಲಿ ಪೋಣಿಸಿದರೆ ಒಂದೊಂದು ಪ್ರೋಟೀನು. ಇನ್ಸುಲಿನ್‌ನಲ್ಲಿ 51 ಮಣಿಗಳು, 21 ಮಣಿಯ ಒಂದು ಸರ, 30 ಮಣಿಯ ಇನ್ನೊಂದು ಸರ, ನಡುವೆ ಎರಡು ಗಂಟು. ಇದನ್ನು ಮಣಿ ಮಣಿಯಾಗಿ ಓದಿದವರು ಇಂಗ್ಲೆಂಡಿನ ಫ್ರೆಡರಿಕ್ ಸ್ಯಾಂಗರ್. 1958ರಲ್ಲಿ ಅವರಿಗೆ ನೊಬೆಲ್ ಬಂತು. ಸರ ಮಡಚಿಕೊಂಡು ಯಾವ ಆಕಾರ ತಾಳುತ್ತದೆ ಎಂಬುದನ್ನು ಡೊರೊಥಿ ಹಾಡ್ಜ್‌ಕಿನ್ ಎಂಬ ಮಹಿಳೆ ಮೂವತ್ತೈದು ವರ್ಷ ಬೆನ್ನುಹತ್ತಿ 1969ರಲ್ಲಿ ಕಂಡುಹಿಡಿದರು. ಆಕೆಯ ತಂಡದಲ್ಲಿ ಎಂ. ವಿಜಯನ್ ಎಂಬ ಭಾರತೀಯ ಯುವಕರಿದ್ದರು. ಅವರು ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ ವಾಪಸು ಬಂದು, ಕೊನೆಯವರೆಗೆ ಪ್ರೋಟೀನುಗಳ ಆಕಾರವನ್ನೇ ಅಧ್ಯಯನ ಮಾಡಿದರು. ಕ್ಷಯರೋಗದ ಕ್ರಿಮಿಯ ಪ್ರೋಟೀನುಗಳು ಅವರ ದೊಡ್ಡ ಕೆಲಸ. ನಮ್ಮ ಕಡಲೆಕಾಯಿಯ ಒಂದು ಪ್ರೋಟೀನಿನ ಆಕಾರವನ್ನೂ ಅವರ ತಂಡವೇ ಬಿಡಿಸಿತು.

ಈಗ ಗಮನವಿಟ್ಟು ಕೇಳಿ. ಹಂದಿಯ ಇನ್ಸುಲಿನ್‌ಗೂ ಮನುಷ್ಯನ ಇನ್ಸುಲಿನ್‌ಗೂ ವ್ಯತ್ಯಾಸ ಒಂದೇ ಮಣಿ. ಉದ್ದದ ಸರದ ಕೊನೆಯ ಮಣಿ ಬೇರೆ, ಉಳಿದ ಐವತ್ತೂ ಒಂದೇ. ದನದ್ದರಲ್ಲಿ ಮೂರು ಮಣಿ ಬೇರೆ. ಹೀಗೆ ಹತ್ತಿರ ಇದ್ದುದರಿಂದಲೇ ಆ ಪ್ರಾಣಿಗಳ ಇನ್ಸುಲಿನ್ ಅರುವತ್ತು ವರ್ಷ ಮನುಷ್ಯರ ಪ್ರಾಣ ಉಳಿಸಿತು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಸಾಯುತ್ತಿದ್ದ ಹುಡುಗನಿಗೆ ಮೊದಲ ಸಲ ಚುಚ್ಚಿದ್ದು ಪ್ರಾಣಿಯ ಇನ್ಸುಲಿನ್ನೇ. ಕಂಡುಹಿಡಿದವರು ಅದರ ಪೇಟೆಂಟನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ಟರು. ನಮ್ಮ ಭಾಷೆಯಲ್ಲಿ ಅದನ್ನು ಸದಕಾ ಎನ್ನಬೇಕು. ಆದರೆ ಪ್ರಾಣಿಯಿಂದ ತೆಗೆಯುವುದು ಸಣ್ಣ ಕೆಲಸವಲ್ಲ. ಎಂಟು ಔನ್ಸ್, ಎಂದರೆ ಕಾಲು ಕಿಲೋಗೂ ಕಡಿಮೆ ಇನ್ಸುಲಿನ್‌ಗೆ ಎರಡು ಟನ್ನಿಗಿಂತ ಹೆಚ್ಚು ಹಂದಿಯ ಅಂಗ ಬೇಕಾಗುತ್ತಿತ್ತು. ಸಕ್ಕರೆಯವರು ಹೆಚ್ಚುತ್ತಾ ಹೋದರೆ ಅಷ್ಟು ಪ್ರಾಣಿ ಎಲ್ಲಿಂದ ತರುವುದು? ಜೊತೆಗೆ ಕೆಲವರ ಮೈಗೆ ಪ್ರಾಣಿಯ ಇನ್ಸುಲಿನ್ ಒಗ್ಗುತ್ತಲೂ ಇರಲಿಲ್ಲ.

ದಾರಿ ತೆರೆದದ್ದು 1970ರ ದಶಕದಲ್ಲಿ. ಯಾವ ಮಣಿಯ ನಂತರ ಯಾವುದು ಎಂಬ ಆಜ್ಞೆ ನಮ್ಮ ಜೀವಕೋಶದ ಡಿ.ಎನ್.ಎ.ಯಲ್ಲಿ ಬರೆದಿರುತ್ತದೆ. ಮೂರು ಅಕ್ಷರಕ್ಕೆ ಒಂದು ಮಣಿ. ಆ ಲಿಪಿಯನ್ನು ಓದಲು ಕಲಿಸಿದವರಲ್ಲಿ ಒಬ್ಬರು ಹರಗೋಬಿಂದ್ ಖೊರಾನಾ. ಈಗ ಪಾಕಿಸ್ತಾನದಲ್ಲಿರುವ ಪಂಜಾಬಿನ ರಾಯ್‌ಪುರ ಎಂಬ ನೂರು ಜನರ ಹಳ್ಳಿಯ ಪಟವಾರಿಯ ಮಗ. ಮರದ ಕೆಳಗಿನ ಶಾಲೆಯಲ್ಲಿ ಅಕ್ಷರ ಕಲಿತವರು, 1945ರಲ್ಲಿ ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿದ್ದರಿಂದ ಇಂಗ್ಲೆಂಡಿಗೆ ಹೋದರು, 1968ರಲ್ಲಿ ನೊಬೆಲ್ ಪಡೆದರು. 1970ರಲ್ಲಿ ಜಗತ್ತಿನಲ್ಲೇ ಮೊದಲ ಸಲ ಒಂದು ಜೀನನ್ನು ಪ್ರಯೋಗಶಾಲೆಯಲ್ಲಿ ಅಕ್ಷರ ಅಕ್ಷರವಾಗಿ ಕಟ್ಟಿದ್ದು ಅವರ ತಂಡ. ಮುಲ್ತಾನಿನ ಹೈಸ್ಕೂಲಿನ ರತನ್ ಲಾಲ್ ಎಂಬ ಮೇಷ್ಟ್ರ ಪ್ರಭಾವ ತಮ್ಮ ಮೇಲೆ ಬಹಳವಿತ್ತು ಎಂದು ಅವರು ನೊಬೆಲ್ ಜೀವನಚರಿತ್ರೆಯಲ್ಲಿ ಬರೆಸಿದ್ದಾರೆ. ಮೇಷ್ಟ್ರುಗಳಾದ ನಾವು ಆ ಸಾಲನ್ನು ಎರಡೆರಡು ಸಲ ಓದಿದೆವು ಎಂದರೆ ತಪ್ಪು ತಿಳಿಯಬಾರದು.

ಜೀನು ಕಟ್ಟಲು ಬಂದಮೇಲೆ ಮುಂದಿನ ಹೆಜ್ಜೆ ಅದನ್ನು ಬೇರೊಂದು ಜೀವಿಯೊಳಗೆ ಸೇರಿಸುವುದು. ಮನುಷ್ಯನ ಇನ್ಸುಲಿನ್‌ನ ಆಜ್ಞೆಯನ್ನು ಬ್ಯಾಕ್ಟೀರಿಯಾದ ಒಳಗಿಟ್ಟರೆ, ಅದು ತನ್ನ ಕೆಲಸದ ಜೊತೆಗೆ ನಮ್ಮ ಮಣಿಸರವನ್ನೂ ಪೋಣಿಸುತ್ತದೆ. ಹೋಟೆಲಿನ ಅಡುಗೆಯವನಿಗೆ ನಮ್ಮ ಮನೆಯ ಬಿರಿಯಾನಿಯ ಚೀಟಿ ಕೊಟ್ಟ ಹಾಗೆ. ಅಡುಗೆಯವನು ಯಾರಾದರೂ ಆಗಿರಲಿ, ಬಿರಿಯಾನಿ ನಮ್ಮ ಮನೆಯದು. 1978ರಲ್ಲಿ ಕ್ಯಾಲಿಫೋರ್ನಿಯಾದ ಜೆನೆನ್‌ಟೆಕ್ ಕಂಪನಿ ಮತ್ತು ಸಿಟಿ ಆಫ್ ಹೋಪ್ ಸಂಸ್ಥೆಯವರು ಹೀಗೆ ಮನುಷ್ಯ ಇನ್ಸುಲಿನ್ ತಯಾರಿಸಿದರು. 1982ರಲ್ಲಿ ಅದು ಅಮೆರಿಕದಲ್ಲಿ ಔಷಧವಾಗಿ ಬಂತು. ಈ ಬಗೆಯಲ್ಲಿ ಬಂದ ಮೊದಲ ಔಷಧ ಅದು. ಹೀಗೆ ತಯಾರಾದದ್ದಕ್ಕೆ ರಿಕಾಂಬಿನೆಂಟ್ ಪ್ರೋಟೀನು ಎನ್ನುತ್ತಾರೆ. ‘ಹ್ಯೂಮನ್’ ಎಂದರೆ ಮನುಷ್ಯನ ದೇಹದಿಂದ ತೆಗೆದದ್ದು ಎಂದು ಅರ್ಥವಲ್ಲ, ಮಣಿಗಳ ಕ್ರಮ ಮನುಷ್ಯನದು ಎಂದು ಅರ್ಥ. ಪೆಟ್ಟಿಗೆಯ ಮೇಲೆ ‘ಹ್ಯೂಮನ್ ಇನ್ಸುಲಿನ್’ ಎಂಬುದರ ಪಕ್ಕ ‘ಆರ್‌ಡಿಎನ್‌ಎ ಒರಿಜಿನ್’ ಎಂದು ಇರುತ್ತದೆ. ಮನೆಯ ಮಕ್ಕಳು ಅದನ್ನು ಅಜ್ಜಿಗೆ ಓದಿ ತೋರಿಸಬೇಕು.

ನಮ್ಮ ಅಣ್ಣ ತೀರಿಕೊಂಡಾಗ ಇದು ಜಗತ್ತಿನಲ್ಲಿ ಇತ್ತು. ಆದರೆ ನಮ್ಮಂಥವರ ಕೈಗೆಟುಕುವ ಬೆಲೆಯಲ್ಲಿ ಇರಲಿಲ್ಲ. ಹೊರದೇಶದಿಂದ ಬರಬೇಕಿತ್ತು. ಭಾರತದಲ್ಲೇ ತಯಾರಾದ ಮನುಷ್ಯ ಇನ್ಸುಲಿನ್ 2003ರಲ್ಲಿ ವೋಕಾರ್ಡ್‌ ಕಂಪನಿಯಿಂದ ಬಂತು. ಮರು ವರ್ಷ, 2004ರಲ್ಲಿ, ನಮ್ಮ ಬೆಂಗಳೂರಿನ ಬಯೋಕಾನ್ ‘ಇನ್ಸುಜೆನ್’ ಹೆಸರಿನಲ್ಲಿ ತನ್ನದನ್ನು ಹೊರತಂದಿತು. ಸಿಲ್ಕ್ ಬೋರ್ಡ್ ದಾಟಿ ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರದ ಕಡೆ ಹೋದವರು ಆ ಬೋರ್ಡನ್ನು ನೋಡಿರುತ್ತೀರಿ. ನಮ್ಮ ದೊಡ್ಡನೆಕ್ಕುಂದಿಯ ಹುಡುಗರು ಎಷ್ಟೋ ಜನ ಆ ಕಡೆಯ ಕಂಪನಿಗಳಿಗೆ ಕ್ಯಾಬ್ ಓಡಿಸಿದ್ದಾರೆ, ಕ್ಯಾಂಟೀನಿಗೆ ಮೊಟ್ಟೆ ಹಾಕಿದ್ದಾರೆ. ಒಳಗೆ ಏನು ಮಾಡುತ್ತಾರೆ ಎಂದರೆ "ಮೆಡಿಸಿನ್ ಕಂಪನಿ ಸರ್" ಎನ್ನುತ್ತಾರೆ.

ಆ ಕಂಪನಿಯ ಕಥೆಯಲ್ಲಿ ಹೆಣ್ಣುಮಕ್ಕಳು ಕೇಳಬೇಕಾದ ಒಂದು ಭಾಗವಿದೆ. ಅದನ್ನು ಕಟ್ಟಿದ ಕಿರಣ್ ಮಜುಂದಾರ್ ಷಾ ಬೆಂಗಳೂರಿನಲ್ಲಿ ಪ್ರಾಣಿಶಾಸ್ತ್ರ ಓದಿ, ಆಸ್ಟ್ರೇಲಿಯಾಕ್ಕೆ ಹೋಗಿ ಕಲಿತದ್ದು ಬಿಯರ್ ತಯಾರಿಕೆಯ ವಿದ್ಯೆ. ಅವರ ತಂದೆ ಆ ಉದ್ಯಮದಲ್ಲೇ ಇದ್ದವರು. ವಾಪಸು ಬಂದಾಗ ಹೆಣ್ಣೆಂಬ ಕಾರಣಕ್ಕೆ ಯಾವ ಬ್ರೂಯರಿಯೂ ಬ್ರೂಮಾಸ್ಟರ್ ಕೆಲಸ ಕೊಡಲಿಲ್ಲ. 1978ರಲ್ಲಿ, ಅಮೆರಿಕದಲ್ಲಿ ಇನ್ಸುಲಿನ್ ತಯಾರಾದ ಅದೇ ವರ್ಷ, ಬಾಡಿಗೆ ಮನೆಯ ಗ್ಯಾರೇಜಿನಲ್ಲಿ 10,000 ರೂಪಾಯಿ ಬಂಡವಾಳದಿಂದ ಐರ್ಲೆಂಡಿನ ಕಂಪನಿಯ ಜೊತೆಗೂಡಿ ಶುರುಮಾಡಿದರು. ಪರಂಗಿಹಣ್ಣಿನಿಂದ ಪಪೇನ್ ಎಂಬ ಕಿಣ್ವ ತೆಗೆಯುವುದು ಮೊದಲ ಕೆಲಸಗಳಲ್ಲಿ ಒಂದು. ನಮಗೂ ಬಿಯರಿಗೂ ಸಂಬಂಧವಿಲ್ಲ, ಆದರೆ ದೊಡ್ಡ ತೊಟ್ಟಿಯಲ್ಲಿ ಯೀಸ್ಟನ್ನು ಹದವಾಗಿ ಬೆಳೆಸುವ ವಿದ್ಯೆ ಎಲ್ಲಿ ಕಲಿತರೂ ಅದೇ. ಅದು ಮುಂದೆ ಇನ್ಸುಲಿನ್‌ಗೆ ಬಂತು. 2019ರಲ್ಲಿ ಈ ಕಂಪನಿ ಬಡ ದೇಶಗಳಿಗೆ ದಿನಕ್ಕೆ 10 ಅಮೆರಿಕನ್ ಸೆಂಟಿಗಿಂತ ಕಡಿಮೆ ಬೆಲೆಗೆ ಮನುಷ್ಯ ಇನ್ಸುಲಿನ್ ಕೊಡುವುದಾಗಿ ಘೋಷಿಸಿತು. ನಾವು ಯಾವ ಕಂಪನಿಯ ಪ್ರಚಾರಕರೂ ಅಲ್ಲ. ಡಾಕ್ಟರು ಬರೆದದ್ದನ್ನು ತೆಗೆದುಕೊಳ್ಳಿ.

ಬಯೋಕಾನ್ ಆರಿಸಿಕೊಂಡದ್ದು ಬ್ಯಾಕ್ಟೀರಿಯಾವನ್ನಲ್ಲ, ಪಿಕಿಯಾ ಎಂಬ ಯೀಸ್ಟನ್ನು. ಬೇಕರಿಯ ಬನ್ನು ಉಬ್ಬಿಸುವ ಯೀಸ್ಟಿನ ದೂರದ ನೆಂಟ. ಇದಕ್ಕೊಂದು ವಿಚಿತ್ರ ಗುಣ. ಮೆಥನಾಲ್ ಎಂಬ ರಾಸಾಯನಿಕವನ್ನು ತಿಂದು ಬದುಕಬಲ್ಲದು. ವಿಜ್ಞಾನಿಗಳು ಇದನ್ನೇ ಸ್ವಿಚ್ ಮಾಡಿಕೊಂಡರು. ಇನ್ಸುಲಿನ್‌ನ ಆಜ್ಞೆಯನ್ನು ಮೆಥನಾಲ್ ಸ್ವಿಚ್ಚಿನ ಮುಂದೆ ಕೂರಿಸಿದರೆ, ಮೊದಲು ಬೇರೆ ಆಹಾರ ಕೊಟ್ಟು ಯೀಸ್ಟನ್ನು ಚೆನ್ನಾಗಿ ಬೆಳೆಸಬಹುದು. ಆಮೇಲೆ ಮೆಥನಾಲ್ ಹನಿಸಿದ ಕೂಡಲೇ ಸ್ವಿಚ್ ಬೀಳುತ್ತದೆ, ಪ್ರೋಟೀನು ತಯಾರಾಗಿ ಕೋಶದಿಂದ ಹೊರಗೆ ದ್ರವಕ್ಕೆ ಬರುತ್ತದೆ. ಮೆಥನಾಲ್ ಎಂದ ಕೂಡಲೇ ಶರಾಬು ಎಂದುಕೊಳ್ಳಬೇಡಿ. ಅದು ಕುಡಿಯುವ ಮದ್ಯವಲ್ಲ, ಕುಡಿದರೆ ಕಣ್ಣು ಹೋಗುವ ವಿಷ. ಅದು ಯೀಸ್ಟಿನ ಊಟ, ಉಳಿದದ್ದು ಶುದ್ಧೀಕರಣದಲ್ಲಿ ಹೊರಗೆ ಹೋಗುತ್ತದೆ. ಇದನ್ನೂ ಒಬ್ಬರು ನಮ್ಮನ್ನು ಕೇಳಿದ್ದರು, ಅದಕ್ಕೇ ಹೇಳಿದೆವು.

ತೊಟ್ಟಿಯಿಂದ ತೆಗೆದ ದ್ರವ ಗಂಜಿಯಂತಿರುತ್ತದೆ. ವೇಗವಾಗಿ ತಿರುಗಿಸಿ ಯೀಸ್ಟನ್ನು ಬೇರೆ ಮಾಡುತ್ತಾರೆ, ಮಜ್ಜಿಗೆಯಿಂದ ಬೆಣ್ಣೆ ಬೇರೆಯಾದ ಹಾಗೆ. ಉಳಿದ ದ್ರವವನ್ನು ಕಾಲಂ ಎಂಬ ಕೊಳವೆಗಳಲ್ಲಿ ಹರಿಸುತ್ತಾರೆ. ಕೊಳವೆಯೊಳಗಿನ ಹರಳುಗಳಿಗೆ ಬೇಕಾದ ಪ್ರೋಟೀನು ಅಂಟುತ್ತದೆ, ಬೇಡವಾದದ್ದು ಹರಿದುಹೋಗುತ್ತದೆ, ಆಮೇಲೆ ದ್ರಾವಣದ ಹದ ಬದಲಿಸಿ ಅಂಟಿದ್ದನ್ನು ಬಿಡಿಸುತ್ತಾರೆ. ಇದು ಒಂದು ಸಲ ಮಾಡಿ ಮುಗಿಯುವ ಕೆಲಸವಲ್ಲ.

ಮಕ್ಕಳೇ, ತಯಾರಿಸುವುದು ಅರ್ಧ ಕೆಲಸ ಮಾತ್ರ. ಕೈಗೆ ಬಂದದ್ದು ಅದೇನಾ, ಶುದ್ಧವೇ, ಸರಿಯಾಗಿ ಮಡಚಿಕೊಂಡಿದೆಯೇ, ಕೆಲಸ ಮಾಡುತ್ತದೆಯೇ ಎಂದು ಸಾಬೀತುಪಡಿಸುವುದು ಉಳಿದರ್ಧ. ಮಣಿಯ ಕ್ರಮ ಸರಿ ಇದ್ದು ಮಡಿಕೆ ತಪ್ಪಿದರೆ ಪ್ರೋಟೀನು ನಿಷ್ಪ್ರಯೋಜಕ. ಬೇಯಿಸಿದ ಮೊಟ್ಟೆಯನ್ನು ನೋಡಿ, ಹಸಿ ಮೊಟ್ಟೆಯಲ್ಲಿದ್ದ ಮಣಿಗಳೆಲ್ಲ ಅದರಲ್ಲಿವೆ, ಆದರೆ ಅದರಿಂದ ಮರಿ ಬರುವುದಿಲ್ಲ. ಇನ್ಸುಲಿನ್ನನ್ನು ತಣ್ಣಗಿಡಿ, ಆದರೆ ಐಸ್ ಆಗಲು ಬಿಡಬೇಡಿ, ಬಿಸಿಲಿಗಿಡಬೇಡಿ ಎಂದು ಹೇಳುವುದು ಇದಕ್ಕೇ.

ಪರೀಕ್ಷೆಗಳು ಹಲವು. ಜೆಲ್ ಎಂಬ ತೆಳು ಪದರದಲ್ಲಿ ವಿದ್ಯುತ್ ಹರಿಸಿ ಓಡಿಸಿದರೆ ಸಣ್ಣ ಪ್ರೋಟೀನು ಮುಂದೆ, ದೊಡ್ಡದು ಹಿಂದೆ ನಿಲ್ಲುತ್ತದೆ. ಒಂದೇ ಗೆರೆ ಬಂದರೆ ಶುದ್ಧ, ನಾಲ್ಕು ಬಂದರೆ ಇನ್ನೂ ಕಲಬೆರಕೆ ಇದೆ ಎಂದು ಅರ್ಥ. ಆದರೆ ನಮ್ಮ ಮನಸ್ಸಿಗೆ ಹಿಡಿಸಿದ್ದು ಇನ್ನೊಂದು ಯಂತ್ರ, ಮಾಸ್ ಸ್ಪೆಕ್ಟ್ರೋಮೀಟರ್. ಅದು ಅಣುಗಳ ತಕ್ಕಡಿ. ಮನುಷ್ಯ ಇನ್ಸುಲಿನ್‌ನ ತೂಕ ಅದರ ಲೆಕ್ಕದಲ್ಲಿ 5,808. ಹಂದಿಯ ಇನ್ಸುಲಿನ್‌ನ ತೂಕ 5,778. ಕೊನೆಯ ಮಣಿಯ ವ್ಯತ್ಯಾಸ 30. ಆ ಮೂವತ್ತನ್ನು ಈ ತಕ್ಕಡಿ ತಪ್ಪದೆ ಹೇಳುತ್ತದೆ.

ನಮ್ಮ ಅಣ್ಣನ ಪ್ರಶ್ನೆಗೆ, ಕ್ಯಾಂಪಿನಲ್ಲಿ ಆ ತಾಯಿ ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿತ್ತು. ನಂಬು ಎಂದು ಯಾರೂ ಹೇಳಬೇಕಾಗಿಲ್ಲ, ತೂಗಿ ನೋಡಬಹುದು. ಇಂಥ ತಕ್ಕಡಿಯ ಮುಂದೆ ಕುಳಿತು ಓದಬಲ್ಲವರು ನಮ್ಮ ಬೀದಿಯಲ್ಲಿ ಒಬ್ಬರಿದ್ದಿದ್ದರೆ ಅಂಗಡಿಕಟ್ಟೆಯ ಮಾತು ಅಷ್ಟು ದೂರ ಹೋಗುತ್ತಿರಲಿಲ್ಲ.

ಒಂದು ವಿಷಯ ಮುಚ್ಚಿಡದೆ ಹೇಳಬೇಕು. ಕೆಲವು ಇನ್ಸುಲಿನ್ ನೀರಿನಂತೆ ತಿಳಿಯಾಗಿರುತ್ತದೆ, ಕೆಲವು ಹಾಲು ಬೆರೆಸಿದಂತೆ ಮಬ್ಬಾಗಿರುತ್ತದೆ. ಆ ಮಬ್ಬು ಬರುವುದು ಪ್ರೊಟಮಿನ್ ಎಂಬ ಇನ್ನೊಂದು ಪ್ರೋಟೀನು ಸೇರಿಸುವುದರಿಂದ, ಔಷಧ ನಿಧಾನವಾಗಿ ಇಳಿಯಲಿ ಎಂದು. ಅದು ಮೀನಿನಿಂದ ಬಂದದ್ದು. ಮೀನಿನ ಬಗ್ಗೆ ನಮ್ಮಲ್ಲಿ ತಕರಾರಿಲ್ಲ, ಆದರೂ ಗೊತ್ತಿರಲಿ. ಸೀಸೆಯ ಫಿನೈಲಿನಂಥ ವಾಸನೆ ಕೆಡದಂತಿರಲು ಹಾಕಿದ ಪದಾರ್ಥದ್ದು. ಇನ್ನೊಂದು, ಗಲ್ಫಿನಲ್ಲಿ ಮಕ್ಕಳಿರುವ ಮನೆಯವರು ಕೇಳಿ. ನಮ್ಮಲ್ಲಿ ಸೀಸೆಯ ಇನ್ಸುಲಿನ್ ಹೆಚ್ಚಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಅಲ್ಲಿಂದ ಮಗ ಕಳಿಸುವ ಕಿತ್ತಳೆ ಮುಚ್ಚಳದ್ದು 100 ಯೂನಿಟ್‌ನದು. ಅದರಲ್ಲಿ 20ರ ಗೆರೆಯವರೆಗೆ ನಮ್ಮ ಸೀಸೆಯಿಂದ ಎಳೆದರೆ ಮೈಗೆ ಹೋಗುವುದು 8 ಯೂನಿಟ್ ಮಾತ್ರ. ತಿರುಗಾ ಮುರುಗಾ ಮಾಡಿದರೆ, 100ರ ಔಷಧವನ್ನು ಕೆಂಪು ಸಿರಿಂಜಿನಲ್ಲಿ 20ರವರೆಗೆ ಎಳೆದರೆ, ಹೋಗುವುದು 50. ಅದು ಪ್ರಾಣಾಪಾಯ. ಏಳನೇ ತರಗತಿಯ ಲೆಕ್ಕ ಇದು, ಮೊಮ್ಮಕ್ಕಳಿಂದ ಮಾಡಿಸಿ. ರೋಜಾ ಹಿಡಿಯುವವರು ಡೋಸು ಬದಲಿಸುವ ಮುನ್ನ ಡಾಕ್ಟರನ್ನೇ ಕೇಳಿ, ನಮ್ಮನ್ನಲ್ಲ.

ಮನುಷ್ಯ ಪ್ರೋಟೀನು ಎಂದರೆ ಔಷಧ ಮಾತ್ರವೂ ಅಲ್ಲ. ಸಂಶೋಧನೆಗೆ ಬೇಕಾಗುವುದೇ ಹೆಚ್ಚು ಬಗೆ. ಕೊರೊನಾ ಕಾಲ ನೆನಪಿದೆಯಲ್ಲ? ಆ ವೈರಸ್ಸು ನಮ್ಮ ಜೀವಕೋಶದ ಎಸಿಇ-2 ಎಂಬ ಪ್ರೋಟೀನನ್ನು ಹಿಡಿದುಕೊಂಡು ಒಳಗೆ ನುಗ್ಗುತ್ತದೆ. ಯಾವ ಔಷಧ, ಯಾವ ಪ್ರತಿಕಾಯ ಆ ಹಿಡಿತ ಬಿಡಿಸುತ್ತದೆ ಎಂದು ನೋಡಲು ಪ್ರಯೋಗಶಾಲೆಗಳು ಮನುಷ್ಯನ ಎಸಿಇ-2ನ್ನು ಹೀಗೆಯೇ ತಯಾರಿಸಿಕೊಂಡವು. ರೋಗಿಯ ಮೇಲೆ ಪ್ರಯೋಗ ಮಾಡುವ ಮೊದಲು ತಟ್ಟೆಯ ಮೇಲೆ ಮಾಡಿ ನೋಡಬೇಕಾದರೆ ಆ ಪ್ರೋಟೀನು ಶುದ್ಧವಾಗಿ ಕೈಯಲ್ಲಿರಬೇಕು. ಕ್ಯಾನ್ಸರ್ ಔಷಧ ಹುಡುಕುವವರಿಗೂ ಅದೇ ಕಥೆ. ಇಲ್ಲಿ ತಪ್ಪು ಪ್ರೋಟೀನು ಬಂದರೆ, ಕೊಳಕು ಬೆರೆತಿದ್ದರೆ, ವರ್ಷಗಟ್ಟಲೆ ಸಂಶೋಧನೆ ನೀರಿಗೆ ಹೋಗುತ್ತದೆ. ಅದಕ್ಕೇ ಪ್ರತಿ ಸಣ್ಣ ಸೀಸೆಯ ಜೊತೆ ಪರೀಕ್ಷೆಯ ಹಾಳೆ ಬರುತ್ತದೆ.

ಇದೆಲ್ಲ ಎಲ್ಲೋ ದೂರದಲ್ಲಿ ನಡೆಯುವುದು ಎಂದುಕೊಂಡಿರಾ? ನಮ್ಮೂರಿನಿಂದ ವೈಟ್‌ಫೀಲ್ಡ್ ಕಡೆಗೆ ಹೋದರೆ ಐ.ಟಿ.ಪಿ.ಎಲ್. ಇದೆಯಲ್ಲ, ಟ್ರಾಫಿಕ್ ಕರುಣೆ ತೋರಿಸಿದರೆ ಅರ್ಧ ಗಂಟೆ. ಕಂಪ್ಯೂಟರ್ ಕಂಪನಿಗಳ ನಡುವೆ ಅಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಎಂಬ ಸಂಶೋಧನಾ ಸಂಸ್ಥೆಯಿದೆ, 2002ರಲ್ಲಿ ಶುರುವಾದದ್ದು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಜೊತೆ ಸೇರಿ ಅವರು ಮನುಷ್ಯ ದೇಹದ 30 ಬಗೆಯ ಅಂಗಾಂಶ ಮತ್ತು ಕೋಶಗಳ ಪ್ರೋಟೀನುಗಳನ್ನು ಇದೇ ತಕ್ಕಡಿಯಲ್ಲಿ ತೂಗಿ ಒಂದು ನಕ್ಷೆ ತಯಾರಿಸಿದರು. 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. 17,294 ಜೀನುಗಳ ಪ್ರೋಟೀನು ಅದರಲ್ಲಿ ಸಿಕ್ಕಿತು, ಆಗ ಗೊತ್ತಿದ್ದ ಅಂಥ ಜೀನುಗಳಲ್ಲಿ ನೂರಕ್ಕೆ 84. ಇಲ್ಲಿ ಜೀನೇ ಇಲ್ಲ ಎಂದುಕೊಂಡಿದ್ದ ಜಾಗಗಳಿಂದಲೂ 193 ಹೊಸ ಪ್ರೋಟೀನು ಸಿಕ್ಕವು. ಜಗತ್ತು ಬಳಸುವ ನಕ್ಷೆ ನಮ್ಮ ಪಕ್ಕದ ಬೀದಿಯಲ್ಲಿ ತಯಾರಾಗುತ್ತಿದ್ದಾಗ ನಾವು ಇಲ್ಲಿ ಕುಳಿತು ನಮ್ಮ ಮಕ್ಕಳಿಗೆ ಯಾವ ಕೋರ್ಸಿಗೆ ಹಣ ಕೊಡಬೇಕು ಎಂದು ಚರ್ಚೆ ಮಾಡುತ್ತಿದ್ದೆವು.

ಈಗ ನಮ್ಮ ಸಮಿತಿಯ ತಪ್ಪಿಗೆ ಬರುತ್ತೇವೆ. ವರದಿಯಲ್ಲಿ ಇದು ಅಚ್ಚಾಗಿಲ್ಲ, ಆದ್ದರಿಂದ ಬಾಯಲ್ಲಿ ಹೇಳಬೇಕು. ಮೂರು ವರ್ಷದ ಹಿಂದೆ ಒಬ್ಬ ಹುಡುಗಿ ಅರ್ಜಿ ಹಾಕಿದಳು. ತಂದೆ ಆಟೋ ಓಡಿಸುವವರು. ಬಿ.ಎಸ್ಸಿ.ಯಲ್ಲಿ ಒಳ್ಳೆಯ ಅಂಕ. ಎಂ.ಎಸ್ಸಿ. ಬಯೋಕೆಮಿಸ್ಟ್ರಿಗೆ ಸೀಟು ಸಿಕ್ಕಿತ್ತು. ಸಂದರ್ಶನದಲ್ಲಿ ಸಮಿತಿಯವರು ಕೇಳಿದ್ದು ಒಂದೇ ಪ್ರಶ್ನೆ, ಇದನ್ನು ಓದಿ ಏನು ಕೆಲಸ ಸಿಗುತ್ತದೆ? ಆಕೆ "ಪ್ರೋಟೀನ್ ಪ್ಯೂರಿಫಿಕೇಶನ್" ಎಂದಳು. ಸಮಿತಿಯವರು ಮುಖ ಮುಖ ನೋಡಿಕೊಂಡರು. ಮೇಜಿನ ಈ ಬದಿಯಲ್ಲಿ ವಿಜ್ಞಾನ ಓದಿದವರು ನಾವೊಬ್ಬರೇ. ನಾವೂ ಬಾಯಿ ಬಿಡಲಿಲ್ಲ. ಹಣ ಇಂಜಿನಿಯರಿಂಗ್, ಬಿ.ಕಾಂ., ನರ್ಸಿಂಗ್ ಮಕ್ಕಳಿಗೆ ಹೋಯಿತು. ಅವರಿಗೆ ಕೊಟ್ಟದ್ದು ತಪ್ಪಲ್ಲ. ಆಕೆಗೆ ಕೊಡದಿದ್ದದ್ದು ತಪ್ಪು. ಆಕೆ ಓದು ಬಿಟ್ಟು ಒಂದು ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿ ಕೂತಳು.

ಕ್ಯಾಂಪು ಮುಗಿದ ವಾರ ನಾವು ಆ ಮನೆಗೆ ಹೋದೆವು. ಮಾತಿಗೆ ಇನ್ಸುಲಿನ್ ವಿಷಯ ತೆಗೆದೆವು. ಆಕೆ ಹಳೆಯ ನೋಟ್ ಪುಸ್ತಕ ತಂದು ಮಣಿಸರ, ಗಂಟು, ಕೊನೆಯ ಮಣಿ ಎಲ್ಲವನ್ನೂ ಬರೆದು ತೋರಿಸಿದಳು. ಈ ಹೊತ್ತು ನಾವು ಹೇಳಿದ್ದರಲ್ಲಿ ಸುಮಾರು ಭಾಗ ಆಕೆ ಕಲಿಸಿದ್ದು. ನಮ್ಮ ಅಣ್ಣನ ಪ್ರಶ್ನೆಗೆ ಉತ್ತರ ಬಲ್ಲವಳು ನಮ್ಮ ಮೇಜಿನ ಮುಂದೆ ಬಂದು ನಿಂತಿದ್ದಳು. ನಾವು ಕೆಲಸ ಯಾವುದು ಎಂದು ಕೇಳಿ ವಾಪಸು ಕಳಿಸಿದ್ದೆವು.

ಮಸೀದಿಯಲ್ಲಿ ವಿಷಯ ಪ್ರಸ್ತಾಪಿಸಿದೆವು, ಟ್ರಸ್ಟಿಗಳು ಕೇಳಿದರು. ಒಬ್ಬ ಹಿರಿಯರು ವಿರೋಧಿಸಿದರು ಕೂಡ, ಬೇಗ ಸಂಬಳ ತರುವ ಕೋರ್ಸಿಗೆ ಮೊದಲು ಎಂದು. ಅವರ ಮಾತಿನಲ್ಲೂ ಅರ್ಥವಿದೆ, ಬಾಡಿಗೆ ಕಟ್ಟುವ ಮನೆಯವರಿಗೆ ಎರಡು ವರ್ಷ ಕಾಯುವುದು ಸುಲಭವಲ್ಲ. ಕೊನೆಗೆ ಈ ವರ್ಷದಿಂದ ಜೀವವಿಜ್ಞಾನದ ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಎರಡೂ ವರ್ಷ ಸಹಾಯ ಮುಂದುವರಿಸುವುದೆಂದು ತೀರ್ಮಾನವಾಗಿದೆ. ಮೌಲಾನಾ ಆಜಾದ್ ಹೆಸರಿನ ಕೇಂದ್ರದ ಫೆಲೋಶಿಪ್ 2022-23ರಿಂದ ನಿಂತುಹೋಗಿರುವಾಗ ಸಂಶೋಧನೆಯ ಕಡೆ ಹೋಗುವ ನಮ್ಮ ಮಕ್ಕಳಿಗೆ ಇಂಥ ಸಣ್ಣ ಆಸರೆಯೂ ಬೇಕು.

ಮಕ್ಕಳಿಗೆ ಕೆಲವು ಮಾತು. ಪಿಯುಸಿಯಲ್ಲಿ ಜೀವಶಾಸ್ತ್ರ ತೆಗೆದುಕೊಂಡವರು ನೀಟ್ ಆಗಲಿಲ್ಲವೆಂದು ಕೈ ಚೆಲ್ಲಬೇಡಿ. ಬಯೋಟೆಕ್ನಾಲಜಿ, ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿಯಲ್ಲಿ ಬಿ.ಎಸ್ಸಿ. ಇದೆ. ಎಂ.ಎಸ್ಸಿ. ಬಯೋಟೆಕ್ನಾಲಜಿಗೆ ಗ್ಯಾಟ್-ಬಿ ಎಂಬ ರಾಷ್ಟ್ರಮಟ್ಟದ ಪರೀಕ್ಷೆ ಇದೆ, ಅದರಲ್ಲಿ ಸ್ಟೈಪೆಂಡೂ ಇದೆ. ಅದಾದ ಮೇಲೆ ಜೆ.ಆರ್.ಎಫ್. ಪಾಸಾದರೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಕೊಡುತ್ತಾರೆ, ಓದುತ್ತಲೇ ಮನೆಗೆ ನೆರವಾಗಬಹುದು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಐ.ಬಿ.ಎ.ಬಿ. ಎಂಬ ಸಂಸ್ಥೆ ಬಯೋಟೆಕ್ನಾಲಜಿಯನ್ನು ಕಂಪ್ಯೂಟರಿನ ಜೊತೆ ಕಲಿಸುತ್ತದೆ. ಅಷ್ಟು ಓದಲಾಗದವರೂ ಈ ಕಾರ್ಖಾನೆಗಳಿಗೆ ಬೇಕು. ತೊಟ್ಟಿಯ ಪಂಪು, ಕವಾಟ, ನೀರಿನ ಶುದ್ಧೀಕರಣ ನೋಡಿಕೊಳ್ಳುವವರು ಡಿಪ್ಲೊಮಾ, ಐ.ಟಿ.ಐ. ಮಕ್ಕಳು. ಮಾಡಿದ ಕೆಲಸವನ್ನು ಮಾಡಿದ ಹೊತ್ತಿನಲ್ಲೇ ಬರೆದಿಡುವ ಶಿಸ್ತು ಮಾತ್ರ ಎಲ್ಲರಿಗೂ ಬೇಕು, ಅಲ್ಲಿ ಬರೆಯದಿದ್ದರೆ ಮಾಡಿಲ್ಲ ಎಂದೇ ಲೆಕ್ಕ.

ಅರ್ಜಿ ಫಾರಂ ಈ ವರದಿಯ ಕೊನೆಯ ಪುಟದಲ್ಲಿದೆ, ಕತ್ತರಿಸಿ ತುಂಬಬಹುದು. ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಕಾಲೇಜಿನ ಶುಲ್ಕದ ರಸೀದಿ, ಬ್ಯಾಂಕ್ ಪಾಸ್‌ಬುಕ್ಕಿನ ನಕಲು ಸಾಕು. ರಾಜ್ಯ ಸರ್ಕಾರದ ಎಸ್.ಎಸ್.ಪಿ. ಪೋರ್ಟಲ್‌ನಲ್ಲಿ ಅರ್ಜಿ ಹಾಕಿದವರೂ ಇಲ್ಲಿ ಹಾಕಬಹುದು, ಆದರೆ ಹಾಕಿರುವುದನ್ನು ತಿಳಿಸಬೇಕು. ಹಿಂದಿನ ವರ್ಷಗಳಲ್ಲಿ ನಮ್ಮ ಸಮಿತಿ ತಿರಸ್ಕರಿಸಿದವರು ಮತ್ತೆ ಅರ್ಜಿ ಹಾಕಲು ಅಡ್ಡಿಯಿಲ್ಲ. ಓದು ನಡುವೆ ನಿಂತಿದ್ದರೆ ಎಷ್ಟು ವರ್ಷ, ಯಾಕೆ ಎಂದು ಎರಡು ಸಾಲು ಬರೆಯಿರಿ, ಅಷ್ಟಕ್ಕೆ ಅಂಕ ಕಡಿಮೆ ಮಾಡುವುದಿಲ್ಲ. ಕೋರ್ಸಿನ ಕಾಲಂನಲ್ಲಿ ‘ಇತರೆ’ ಎಂದು ಗುರುತು ಹಾಕಬೇಡಿ, ಪೂರ್ತಿ ಹೆಸರು ಬರೆಯಿರಿ. ಹೆಸರು ಅರ್ಥವಾಗದಿದ್ದರೆ ಸಮಿತಿಯವರು ನಿಮ್ಮನ್ನೇ ಕರೆದು ಕೇಳುತ್ತೇವೆ, ನೀವು ನಮಗೆ ವಿವರಿಸಬೇಕು. ಶುಕ್ರವಾರ ಜುಮಾ ನಮಾಜಿನ ನಂತರ ಒಂದು ಗಂಟೆ ನಾವು ಮಸೀದಿಯ ಪಕ್ಕದ ಕೋಣೆಯಲ್ಲಿ ಇರುತ್ತೇವೆ. ಫಾರಂ ತುಂಬಲು ಬಾರದವರೂ ಬರಬಹುದು, ಇನ್ಸುಲಿನ್ ಸೀಸೆ ಹಿಡಿದುಕೊಂಡು ಬರುವವರೂ ಬರಬಹುದು.

ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ.